ಅಕ್ಕನಿಗೂ ಕಾಣುವಂಥ ಪರದೆ

"ಬಸ್ಸು ಫ್ರೀ ಅಂತ ನಿನ್ನ ತುರುಬು ನೋಡೋಕೆ ವಿಜಯಪುರದಿಂದ ಬರ್ಬೇಕೇನೇ ನಾನು?"

ಅಕ್ಕ ಇದನ್ನು ಫೋನಿನಲ್ಲಿ ನಗುನಗುತ್ತಲೇ ಹೇಳಿದಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ಯೋಚಿಸಿದರೆ ಅವಳು ಹೇಳಿದ್ದು ನಿಜವಾಗಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗಗಳಿಗೆ ಸೀರೆಯ ಅಂಚು, ಸೆರಗಿನ ಡಿಸೈನ್ ಬರೆದುಕೊಡುವುದು ನನ್ನ ಕೆಲಸ. ಆ ಕೆಲಸ ಗ್ರಾಫ್ ಕಾಗದದಿಂದ ಲ್ಯಾಪ್‌ಟಾಪಿಗೆ ಬಂದ ಮೇಲೆ ಅಕ್ಕ ಬಂದಾಗಲೆಲ್ಲ ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರಬೇಕಾಗುತ್ತಿತ್ತು. ಆ ಪುಟ್ಟ ಪರದೆಯನ್ನು ನನ್ನ ತಲೆಯೇ ಮುಚ್ಚಿಬಿಡುತ್ತಿತ್ತು. ಪಾಪ, ಅವಳಿಗೆ ಕಾಣುತ್ತಿದ್ದುದು ನನ್ನ ತುರುಬು ಮತ್ತು ಅದಕ್ಕೆ ಸಿಕ್ಕಿಸಿದ ಕ್ಲಿಪ್ಪು.

ಮೊದಲು ದೇವನಹಳ್ಳಿ ಪಕ್ಕದ ಆ ವಿಜಯಪುರದಿಂದ ಪ್ರತಿ ಗುರುವಾರ ಬರುತ್ತಿದ್ದಳು. ಆಮೇಲೆ ತಿಂಗಳಿಗೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೆ ಮಾತ್ರ.

ಅಪ್ಪ ಇದ್ದ ಕಾಲದಲ್ಲಿ ನಮಗೆ ಡಿಸೈನ್ ಬರೆಯಲು ಒಂದು ಹಲಗೆ ಇತ್ತು. ಹಲಸಿನ ಮರದ್ದು, ಇಪ್ಪತ್ತೆಂಟು ಇಂಚು ಅಗಲ. ಅದರ ಮೇಲೆ ಗ್ರಾಫ್ ಕಾಗದ ಹರಡಿ ಅಕ್ಕ ಆ ಕಡೆ, ನಾನು ಈ ಕಡೆ, ಎದುರುಬದುರು ಕೂರುತ್ತಿದ್ದೆವು. ಅಂಚಿನ ಹೂವಿಗೆ ನಡುವೆ ಒಂದು ಗೆರೆ ಎಳೆದು ಅಪ್ಪ ಅತ್ತ ಹೋಗಿಬಿಡುವರು. ಗೆರೆಯಿಂದ ಈಚೆಗಿನ ಅರ್ಧ ನನ್ನದು, ಆಚೆಗಿನ ಅರ್ಧ ಅಕ್ಕನದು. ಒಂದೊಂದು ಚೌಕ ತುಂಬಿದರೆ ಒಂದೊಂದು ಎಳೆ. ನಾನು ಎಲೆ ಬರೆದರೆ ಅವಳೂ ಎಲೆ ಬರೆಯುವಳು, ನಾನು ಮೊಗ್ಗು ಬರೆದರೆ ಅವಳೂ ಮೊಗ್ಗು. ಅವಳ ಎಲೆ ಯಾವಾಗಲೂ ಕೊಂಚ ದಪ್ಪ. "ನಿನ್ನ ಎಲೆ ಉಪವಾಸ ಕೂತಿದ್ಯೇನೇ?" ಎಂದು ನನ್ನನ್ನು ರೇಗಿಸುವಳು.

ರೇಗಿಸುವಳು ಎಂದೆನಲ್ಲ, ಅದು ಕಿವಿಗೆ ಬೀಳುತ್ತಿದ್ದ ಮಾತಲ್ಲ. ಪಕ್ಕದ ಕೋಣೆಯಲ್ಲೇ ಮಗ್ಗಗಳು ಓಡುತ್ತಿರುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ತುಟಿ ನೋಡಿಕೊಂಡೇ ಮಾತಾಡುವುದು. ಹೊರಗಿನಿಂದ ಬಂದವರು ಗಂಟಲು ಹರಿದುಕೊಳ್ಳುತ್ತಾರೆ. ನಾವು ಸದ್ದೇ ಹೊರಡಿಸದೆ ಊರಿನ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತೇವೆ. ವಿಜಯಪುರದಿಂದ ಅಕ್ಕನನ್ನು ನೋಡಲು ಬಂದು ಹೋದ ಹುಡುಗ ಅವಳಿಗೆ ಒಪ್ಪಿಗೆಯಾದ ಸುದ್ದಿ ನನಗೆ ಗೊತ್ತಾಗಿದ್ದು ಆ ಹಲಗೆಯ ಮೇಲೆಯೇ. ಅಪ್ಪ ಮಾರುದೂರದಲ್ಲಿ ನಮಗೆ ಬೆನ್ನು ಹಾಕಿ ಜರಿ ಸುತ್ತುತ್ತಿದ್ದರು. ಅಕ್ಕ ತಲೆಯೆತ್ತಿ, ತುಟಿ ಮಾತ್ರ ಅಲ್ಲಾಡಿಸಿ, "ನಂಗಿಷ್ಟ ಆದ್ರು ಕಣೇ" ಎಂದಳು. ನನ್ನ ಪೆನ್ಸಿಲ್ ಗೆರೆ ದಾಟಿ ಅವಳ ಅರ್ಧಕ್ಕೆ ಹೋಗಿಬಿಟ್ಟಿತು.

ಮದುವೆಯಾಗಿ ಅವಳು ರೇಷ್ಮೆ ಹುರಿ ಮಾಡುವ ಮನೆಗೆ ಹೋದಳು. ನನ್ನನ್ನು ಇದೇ ಬೀದಿಗೆ ಕೊಟ್ಟರು. ಆದರೂ ಗುರುವಾರಗಳು ತಪ್ಪಲಿಲ್ಲ. ಅಪ್ಪ ಹೋದ ಮೇಲೆ ಹಲಗೆ ನಮ್ಮ ಮನೆಗೆ ಬಂತು. ಅಕ್ಕ ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದು, ಚಪ್ಪಲಿ ಬಿಟ್ಟು, ನೀರು ಕುಡಿದು, ಆ ಕಡೆ ಕೂತುಬಿಡುವಳು. ತಪ್ಪಿಸಿದ್ದು ಕಂಪ್ಯೂಟರು.

ಹಾಗಾಗಿ ದೊಡ್ಡ ಮಾನಿಟರ್ ತರುವುದೆಂದು ಹಟ ಹಿಡಿದೆ. ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣಬೇಕು, ಇಬ್ಬರು ಕೂತರೆ ಇಬ್ಬರಿಗೂ ಕಾಣಬೇಕು. ನಮ್ಮ ಮನೆಯವರು, "ಇಷ್ಟು ದಿನ ಲ್ಯಾಪ್‌ಟಾಪಲ್ಲೇ ನಡೀತಿತ್ತಲ್ಲ, ಈಗೇನು ಟಾಕೀಸು ಇಡ್ತೀಯಾ?" ಎಂದರು. ಅಕ್ಕ ಬರಲೆಂದು ತರುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಐವತ್ತರ ಹತ್ತಿರ ಬಂದವಳು ಅಕ್ಕ ಬೇಕು ಅಕ್ಕ ಬೇಕು ಎಂದರೆ ಯಾರು ತಾನೇ ನಗುವುದಿಲ್ಲ?

ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯವರು ನನ್ನ ವಯಸ್ಸಿನವರೇ, ಮಾತುಗಾರರು. "ಅಕ್ಕಾ, ಫೋರ್ ಕೆ ಅಂದ್ರೆ ಚುಕ್ಕಿ ಎಲ್ಲಾದ್ರಲ್ಲೂ ಅಷ್ಟೇ ಇರ್ತವೆ. ಇಪ್ಪತ್ನಾಲ್ಕು ಇಂಚಿಗೆ ತುಂಬಿದ್ರೆ ಒತ್ತೊತ್ತಾಗಿ ಕೂತ್ಕೊಂಡು ನುಣ್ಣಗೆ ಕಾಣ್ತವೆ. ಆದ್ರೆ ಅಕ್ಷರ ಇರುವೆ ಸೈಜಿಗೆ ಬಂದ್ಬಿಡ್ತದೆ. ದೊಡ್ಡದಾದ್ರೆ ಆರಾಮಾಗಿ ಕಾಣ್ತದೆ, ಆದ್ರೆ ಮೂಗು ತಾಗಿಸ್ಕೊಂಡು ಕೂರಂಗಿಲ್ಲ, ಸ್ವಲ್ಪ ಹಿಂದೆ ಸರೀಬೇಕು" ಎಂದರು.

ನನಗೆ ತಟ್ಟನೆ ಅರ್ಥವಾಯಿತು. ಬಟ್ಟೆಯ ಅಗಲಕ್ಕೆ ನಾವು ಪನ್ನ ಎನ್ನುತ್ತೇವೆ. ಅಷ್ಟೇ ಎಳೆಯನ್ನು ಕಿರಿದಾದ ಪನ್ನಕ್ಕೆ ತುಂಬಿದರೆ ದಟ್ಟ, ಅಗಲದ ಪನ್ನಕ್ಕೆ ತುಂಬಿದರೆ ತೆಳು. ಇದರಲ್ಲೇನು ಮಹಾ ವಿದ್ಯೆ!

"ಎಷ್ಟು ದೂರ ಕೂರ್ತೀರಾ? ಎಷ್ಟು ಜನ ನೋಡೋದು?" ಎಂದು ಕೇಳಿದರು.

"ಇಬ್ರು" ಎಂದೆ.

ಗೋಡೆಯ ಮೇಲೆ ಸಾಲಾಗಿ ಪರದೆಗಳು ಹೊಳೆಯುತ್ತಿದ್ದವು. ಎಲ್ಲದರಲ್ಲೂ ಅದೇ ಗಿಣಿ, ಅದೇ ಜಲಪಾತ. ನಾನು ಒಂದನ್ನೂ ಸರಿಯಾಗಿ ನೋಡಲಿಲ್ಲ, ಏಕೆಂದರೆ ನನ್ನ ಅಳತೆ ಮನೆಯಿಂದ ಹೊರಡುವಾಗಲೇ ಗಟ್ಟಿಯಾಗಿತ್ತು. ಅಕ್ಕನೂ ನಾನೂ ಇಷ್ಟು ವರ್ಷ ಹೊಂದಿಕೊಂಡು ಕೆಲಸ ಮಾಡಿದ ಹಲಗೆ ಇಪ್ಪತ್ತೆಂಟು ಇಂಚು. ಪರದೆಯೂ ಇಪ್ಪತ್ತೆಂಟು ಇಂಚು. ಅದನ್ನೇ ಕಟ್ಟಿಸಿಕೊಂಡು ಆಟೋ ಹತ್ತಿದೆ.

ಮನೆಗೆ ಬಂದು ಹಲಗೆಯ ಮೇಲಿಟ್ಟೆ. ಹಲಗೆಗಿಂತ ಅಗಲ ನಾಲ್ಕು ಬೆರಳಿಗೂ ಹೆಚ್ಚೇ ಕಮ್ಮಿ! ಟೇಪು ತಂದು ಎರಡೆರಡು ಸಲ ಅಳೆದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪನ್ನ ಕಮ್ಮಿ ನೇಯ್ದ ಸೀರೆಯನ್ನು ನಮ್ಮ ಬೀದಿಯಲ್ಲಿ ಮುಖಕ್ಕೆ ಎಸೆಯುತ್ತಾರೆ. ಪರದೆಯನ್ನು ಮತ್ತೆ ಡಬ್ಬಿಗೆ ತುರುಕಿ ಅದೇ ಬಿಸಿಯಲ್ಲಿ ಅಂಗಡಿಗೆ ಹೋದೆ.

"ಏನ್ರೀ, ಇಪ್ಪತ್ತೆಂಟು ಅಂತ ಹೇಳಿ ಪನ್ನ ಕಮ್ಮಿ ಇರೋದು ಕೊಟ್ಟಿದೀರಲ್ಲ?"

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ಅಕ್ಕಾ, ಸ್ಕ್ರೀನನ್ನ ಮೂಲೆಯಿಂದ ಮೂಲೆಗೆ ಅಳೆಯೋದು!"

"ಮೂಲೆಯಿಂದ ಮೂಲೆಗೆ ಯಾರಪ್ಪಾ ಅಳೀತಾರೆ? ಸೀರೆನ ಹಂಗೆ ಅಳೆದು ಕೊಟ್ರೆ ನೀವು ತಗೋತೀರಾ?"

"ಇದು ಸೀರೆ ಅಲ್ವಲ್ಲ ಅಕ್ಕಾ" ಎಂದು ನಕ್ಕುಬಿಟ್ಟರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ನಾನೂ ನಕ್ಕೆ. ಒಳ್ಳೆಯ ಮನುಷ್ಯ, ಹಳೆಯದನ್ನು ತೆಗೆದುಕೊಂಡು ಮೂವತ್ತೆರಡು ಇಂಚಿನದನ್ನು ಇಳಿಸಿದರು. ಮೂವತ್ತೆರಡರ ಪನ್ನ ಇಪ್ಪತ್ತೆಂಟು ಇಂಚು. ತಂದು ಹಲಗೆಯ ಮೇಲಿಟ್ಟಾಗ ಅಂಚಿಗೆ ಅಂಚು ಕೂತಿತು. ಅಂದೇ ಅಕ್ಕನಿಗೆ ಫೋನ್ ಮಾಡಿದೆ. "ಪನ್ನ ಇಪ್ಪತ್ತೆಂಟು ಕಣಕ್ಕಾ, ಹಲಗೆಯಷ್ಟೇ" ಎಂದೆ. "ಹಂಗಾದ್ರೆ ಬರ್ತೀನಿ ಬಿಡು" ಎಂದಳು.

ಗುರುವಾರ ಬಂದಳು. ಕೈಯಲ್ಲಿ ಒಂದು ಚೀಲ ಹುರುಳಿಕಾಯಿ. ಚಪ್ಪಲಿ ಬಿಟ್ಟಳು, ನೀರು ಕುಡಿದಳು, ಸೆರಗಿನಿಂದ ಬಾಯೊರೆಸಿಕೊಂಡಳು. ಪಕ್ಕದ ಕೋಣೆಯಲ್ಲಿ ಮಗ್ಗಗಳು ಓಡುತ್ತಿದ್ದವು. ನಾನು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಟ್ಟಿದ್ದೆ. ಅವಳು ಅದನ್ನು ನೋಡಲೂ ಇಲ್ಲ. ಹಳೆಯ ರೂಢಿ ನೋಡಿ, ಸೀದಾ ಹೋಗಿ ಹಲಗೆಯ ಆ ಕಡೆ ಕೂತಳು.

ಕೂತದ್ದೇ ತಡ, ಮಾಯವಾದಳು.

ಲ್ಯಾಪ್‌ಟಾಪಿನ ಕಾಲದಲ್ಲಿ ಅವಳು ಅಲ್ಲಿ ಕೂತಿದ್ದರೆ ಮುಖವಾದರೂ ಕಾಣುತ್ತಿತ್ತು. ಈಗ ನನ್ನೆದುರಿಗೆ ಈ ತುದಿಯಿಂದ ಆ ತುದಿಯವರೆಗೆ ಬರೀ ಪರದೆ. ಅದರಲ್ಲಿ ನಾನು ಬರೆದ ಅರ್ಧ ಹೂವು ಎಳೆ ಎಳೆಯಾಗಿ ಹೊಳೆಯುತ್ತಿತ್ತು. ಅದರ ಹಿಂದೆ ಅಕ್ಕ ಏನೋ ಹೇಳುತ್ತಿದ್ದಿರಬೇಕು. ಮಗ್ಗದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ತುಟಿಯೂ ಕಾಣಲಿಲ್ಲ. ಪಕ್ಕಕ್ಕೆ ಬಾಗಿ ನೋಡಿದೆ. ಅವಳೂ ಅದೇ ಹೊತ್ತಿಗೆ ಬಾಗಿದ್ದಳು, ಆದರೆ ಇನ್ನೊಂದು ಪಕ್ಕಕ್ಕೆ. ಕೊನೆಗೆ ಎದ್ದು ನಿಂತು, ಪರದೆಯ ಮೇಲಿಂದ ಇಣುಕಿ, "ಗೋಡೆ ಕಟ್ಟಿಸಿದ್ದೀಯಲ್ಲೇ!" ಎಂದು ತುಟಿ ಆಡಿಸಿದಳು.

ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ಎಲ್ಲ ಚೆನ್ನಾಗಿ ಕಂಡಿತು ಅವಳಿಗೆ. ಕನ್ನಡಕ ತೆಗೆದಿಟ್ಟೇ ನೋಡಿದಳು. ಒಂದು ಎಲೆಯ ಮೇಲೆ ಬೆರಳಿಟ್ಟು ಬಡಕಲು ಎಂಬಂತೆ ಕೆನ್ನೆ ಒಳಗೆಳೆದುಕೊಂಡಳು. ತಿದ್ದಿದೆ. ಆಮೇಲೆ ಒಂದು ಗುಂಡಿ ಒತ್ತಿದೆ, ಹೂವಿನ ಇನ್ನರ್ಧ ತಾನೇ ಬಂದು ಕೂತಿತು. ಅಕ್ಕ ಒಮ್ಮೆ ನನ್ನ ಕಡೆ ನೋಡಿದಳಂತೆ. ನಾನು ಪರದೆಯನ್ನು ನೋಡುತ್ತಿದ್ದೆ. ಪಕ್ಕದಲ್ಲಿ ಕೂತವರ ತುಟಿ ಕಾಣಬೇಕಾದರೆ ಕತ್ತು ತಿರುಗಿಸಬೇಕು. ಅವಳು ಮಾತಾಡಿದಾಗಲೆಲ್ಲ ನನ್ನ ತೋಳು ತಟ್ಟಬೇಕಾಗುತ್ತಿತ್ತು. ನಾಲ್ಕಾರು ಸಲ ತಟ್ಟಿದಳು. ಆಮೇಲೆ ತಟ್ಟುವುದನ್ನು ಬಿಟ್ಟು ಕೈಕಟ್ಟಿ ಕೂತಳು.

ಊಟ ಮುಗಿಸಿ, ಸಂಜೆಯವರೆಗೂ ಇರುತ್ತಿದ್ದವಳು, "ಬಸ್ಸು ಸಿಗುತ್ತೆ, ಹೋಗ್ತೀನಿ" ಎಂದು ಎದ್ದಳು. ನಾನು ಬಿಡಲು ಹೋದೆ.

ಬಸ್ ಸ್ಟ್ಯಾಂಡಿನಲ್ಲಿ ಮಗ್ಗವಿಲ್ಲ. ಮಾತು ಕಿವಿಗೆ ಬೀಳುತ್ತದೆ. ಅಕ್ಕ ಚೀಲ ಮಡಚುತ್ತಾ, "ಸ್ಕ್ರೀನು ಚೆನ್ನಾಗಿದೆ ಕಣೇ, ಎಲ್ಲಾ ಕಾಣ್ತು" ಎಂದಳು.

"ನೀನು ಕಾಣ್ಲಿಲ್ಲ ಕಣಕ್ಕಾ" ಎಂದುಬಿಟ್ಟೆ. "ನೀನು ಬಂದು ಕೂರ್ಲಿ ಅಂತ ತಂದೆ ಅದನ್ನ. ಡಿಸೈನು ಮನೆ ಹಾಳಾಗ್ಲಿ. ನಂಗೆ ನೀನು ಬೇಕು."

ಅಕ್ಕ ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿತು. "ಹುಚ್ಚಿ, ಬಾ ಅಂದಿದ್ರೆ ಆಗ್ತಿರ್ಲಿಲ್ವಾ? ಅದನ್ನ ಹೇಳೋಕೆ ಇಷ್ಟು ಅಗಲದ್ದು ತರ್ಬೇಕಿತ್ತಾ?" ಎಂದು ನನ್ನ ತಲೆಗೊಂದು ಮೊಟಕಿ ಬಸ್ಸು ಹತ್ತಿದಳು.

ಕಿಟಕಿ ಪಕ್ಕವೇ ಸೀಟು ಸಿಕ್ಕಿತು. ಗಾಜು ಮುಚ್ಚಿತ್ತು, ಇಂಜಿನ್ ಗುರುಗುಟ್ಟುತ್ತಿತ್ತು. ಬಸ್ಸು ಹೊರಡುವಾಗ ಅವಳು ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದಳು. ಸುತ್ತಲಿದ್ದವರಿಗೆ ಏನೂ ತಿಳಿದಿರಲಿಕ್ಕಿಲ್ಲ. ನನಗೆ ಒಂದಕ್ಷರವೂ ತಪ್ಪಲಿಲ್ಲ. "ಗುರುವಾರ ಬರ್ತೀನಿ. ಆ ಗೋಡೆ ತೆಗ್ದಿಡು."

ಮರುವಾರವೇ ಅವಳ ಅತ್ತೆ ಹಾಸಿಗೆ ಹಿಡಿದರು. ಬಿಟ್ಟು ಬರುವ ಹಾಗಿಲ್ಲ. ಫೋನ್ ಮಾಡುತ್ತಾಳೆ, ಆದರೆ ಮಗ್ಗ ಓಡುವಾಗ ಫೋನಿನಲ್ಲೇನು ಕೇಳಿಸುತ್ತದೆ, ಮಣ್ಣು. ಆದರೂ ಗುರುವಾರ ಬೆಳಗ್ಗೆ ಪರದೆಯನ್ನು ಹಲಗೆಯ ಒಂದು ಮೂಲೆಗೆ ಸರಿಸಿ, ಓರೆಯಾಗಿ ತಿರುಗಿಸಿ, ಎದುರಿನ ಜಾಗ ಕಾಣುವ ಹಾಗೆ ಮಾಡಿಕೊಂಡೇ ಕೆಲಸಕ್ಕೆ ಕೂರುತ್ತೇನೆ. ಇಡೀ ದಿನ ಕತ್ತು ತಿರುಗಿಸಿಕೊಂಡು ಬರೆಯಬೇಕು. ಸಂಜೆಯ ಹೊತ್ತಿಗೆ ಕತ್ತು ನೋಯುತ್ತದೆ. "ಯಾರೂ ಇಲ್ವಲ್ಲ, ನೆಟ್ಟಗೆ ಇಟ್ಕೋಬಾರ್ದಾ?" ಎನ್ನುತ್ತಾರೆ ನಮ್ಮ ಮನೆಯವರು.

ನೋಯಲಿ ಬಿಡಿ.