ಗಂಟೆಯಮ್ಮ ಮತ್ತು ನೆರಳಿನ ಬೆಂಚು

ನಮ್ಮ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವರು ಅವರೇ, ಬೀಗ ತೆಗೆಯುತ್ತಿದ್ದವರೂ ಅವರೇ. ಮಕ್ಕಳು ಗಂಟೆಯಮ್ಮ ಎಂದರು, ನಮಗೂ ಅದೇ ಬಾಯಿಗೆ ಬಂತು. ಇಪ್ಪತ್ತಾರು ವರ್ಷ ಆ ಕೆಲಸ ಮಾಡಿದರು. ಸೊಂಟದಲ್ಲಿ ಹದಿನೆಂಟು ಬೀಗದ ಕೈಗಳ ಗೊಂಚಲು, ಕೈಯಲ್ಲಿ ಸದಾ ಒಂದು ಒದ್ದೆ ಬಟ್ಟೆ. ಕಪ್ಪುಹಲಗೆ ಒರೆಸುವುದು, ಬಿದ್ದ ಮಗುವಿನ ಮಂಡಿ ಒರೆಸುವುದು, ಮುಖ್ಯೋಪಾಧ್ಯಾಯಿನಿಯ ಮೇಜು ಒರೆಸುವುದು, ಎಲ್ಲಕ್ಕೂ ಅದೇ ಬಟ್ಟೆ. ನಾನು ಗಣಿತದ ಮೇಷ್ಟ್ರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿಯೂ ಹೇಳುತ್ತಾಳೆ, ಶಾಲೆಯೂ ಹೇಳುತ್ತಿತ್ತು. ನಾನು ತರಗತಿಯಲ್ಲಿ ಕೂಗಾಡಿ ಹೊರಗೆ ಬಂದರೆ ಗಂಟೆಯಮ್ಮ ಗೇಟಿನಿಂದಲೇ ಕಾಲೆಳೆಯುತ್ತಿದ್ದರು.

"ಮೇಷ್ಟ್ರೇ, ಇವತ್ತು ಭಾಗಾಕಾರ ನನಗೂ ಬಂತು. ಬೀದಿಗೂ ಬಂದಿರ್ಬೇಕು."

"ನಿಮಗಾದ್ರೂ ಬಂತಲ್ಲ, ಪುಣ್ಯ. ಒಳಗಿರೋ ಮೂವತ್ತೆರಡು ಜನಕ್ಕೆ ಬಂದಿಲ್ಲ."

ಹೀಗೆ ನಡೆಯುತ್ತಿತ್ತು. ಆಮೇಲೆ ಆ ರೋಗ ಬಂತು, ಶಾಲೆ ಮುಚ್ಚಿತು. ಮೊದಲ ಸಲ ಮುಚ್ಚಿದ್ದು ಎಂಟು ತಿಂಗಳು. ನಾವು ಮೇಷ್ಟ್ರುಗಳು ಮನೆಯಲ್ಲಿ ಕಾಲು ಚಾಚಿ ಕೂತೆವು. ಫೋನಿನಲ್ಲಿ ಒಂದಿಷ್ಟು ಲೆಕ್ಕ ಕಳಿಸಿ, ಪಾಠ ಮಾಡಿದೆವು ಎಂದುಕೊಂಡೆವು. ಗಂಟೆಯಮ್ಮನಿಗೆ ಮಾತ್ರ ರಜೆಯಿಲ್ಲ. ಖಾಲಿ ಕಟ್ಟಡಕ್ಕೆ ದಿನಾ ಬಂದು ಗುಡಿಸಬೇಕು, ಕಿಟಕಿ ತೆರೆದು ಮುಚ್ಚಬೇಕು, ಫೋನಿಲ್ಲದ ಮಕ್ಕಳ ಮನೆಗೆ ಪಾಠದ ಹಾಳೆ ಕೊಟ್ಟು ಬರಬೇಕು. ಹಾಗೆ ಹಾಳೆ ಕೊಡಲು ಹೋದಾಗಲೇ ಅವರು ರೇಡಿಯೋಳನ್ನು ನೋಡಿದ್ದು.

ರೇಡಿಯೋ ಅಂದರೆ ಎರಡನೇ ತರಗತಿಯ ಒಂದು ಹುಡುಗಿ. ಬಾಯಿ ಮುಚ್ಚಿದ್ದು ಯಾರೂ ಕಂಡಿರಲಿಲ್ಲ, ಅದಕ್ಕೇ ಆ ಹೆಸರು. ತಾಯಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು. ಊರೆಲ್ಲ ಮನೆಯಲ್ಲಿ ಕೂತರೂ ಆಕೆ ಹೋಗಲೇಬೇಕಿತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಗುವನ್ನು ಒಳಗೆ ಬಿಟ್ಟು, ತಟ್ಟೆಯಲ್ಲಿ ಊಟ ಮುಚ್ಚಿಟ್ಟು, ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಗಂಟೆಯಮ್ಮ ಹಾಳೆಗಳನ್ನು ಕಿಟಕಿಯ ಸರಳಿನ ನಡುವೆ ತೂರಿಸಿ ಕೊಟ್ಟರು. ಹುಡುಗಿ ತೆಗೆದುಕೊಂಡಳು, ಒಂದು ಮಾತೂ ಆಡಲಿಲ್ಲ.

ಶಾಲೆ ಮತ್ತೆ ತೆರೆದಾಗ ಅವಳು ಮೂರನೇ ತರಗತಿಗೆ ಬಂದಳು. ಕೂತ ಕಡೆ ಕೂತಿರುತ್ತಿದ್ದಳು. ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದಳು, ಅಷ್ಟೇ. ಮಕ್ಕಳು ಬ್ಯಾಟರಿ ಖಾಲಿ ಎಂದು ನಗುತ್ತಿದ್ದವು. ಗಂಟೆಯಮ್ಮ ಅವಳನ್ನು ಬಿಡಲಿಲ್ಲ. ಬಿಡುವಿನ ಹೊತ್ತಿನಲ್ಲಿ ಗಂಟೆ ಹೊಡೆಯುವ ಕೋಲನ್ನು ಅವಳ ಕೈಗೇ ಕೊಡುತ್ತಿದ್ದರು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಹುಡುಗಿ, "ಇವತ್ತು ನಾನು ಜೋರಾಗಿ ಹೊಡಿತೀನಿ, ನೀವು ಕಿವಿ ಮುಚ್ಕೊಳ್ಳಿ" ಎಂದಳಂತೆ. ಗಂಟೆಯಮ್ಮ ಓಡಿ ಬಂದು ನನಗೆ ಹೇಳಿದರು. ಸೀಮೆಸುಣ್ಣ ಕೈಯಲ್ಲಿ ಹಿಡಿದವನು ನಾನು ಅದನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂದಿತ್ತು.

ಅಷ್ಟರಲ್ಲಿ ರೋಗ ಎರಡನೇ ಸಲ ಏರಿತು. ತೆರೆದಿಡುವುದೋ ಮುಚ್ಚುವುದೋ, ಆಯಾ ಶಾಲೆಯೇ ತೀರ್ಮಾನಿಸಲಿ ಎಂದು ಮೇಲಿನ ಆಫೀಸಿನವರು ಜಾರಿಕೊಂಡರು. ಒಂದೇ ಷರತ್ತು: ಒಂದು ವಾರದಲ್ಲಿ ಮೂರು ಮಕ್ಕಳಿಗೆ ಜ್ವರ ಸಿಕ್ಕರೆ ಶಾಲೆ ಮುಚ್ಚಲೇಬೇಕು. ನಮ್ಮ ಸಭೆ ಸೇರಿತು. ಕುರ್ಚಿಗಳನ್ನು ದೂರ ದೂರ ಹಾಕಿದ್ದರು, ಹಾಗಾಗಿ ಎಲ್ಲರೂ ಕೂಗಿಯೇ ಮಾತಾಡಬೇಕು. ಕೂಗುವುದು ನನಗೆ ಹೇಳಿಕೊಡಬೇಕೇ?

"ಮುಚ್ಚಿದ್ರೆ ಮಕ್ಕಳು ಮಗ್ಗಿ ಮರೆಯೋದಲ್ಲ ರೀ, ಮಾತೇ ಮರೀತಾವೆ! ಒಂದು ಹುಡುಗಿ ಕಥೆ ಹೇಳ್ತೀನಿ ಕೇಳಿ" ಎಂದು ಶುರು ಮಾಡಿ ರೇಡಿಯೋಳ ಕಥೆ ಹೇಳಿದೆ. ಬಾಗಿಲ ಬಳಿ ನಿಂತಿದ್ದ ಗಂಟೆಯಮ್ಮ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಸಭೆ ನನ್ನ ಕಡೆ ವಾಲಿತು.

ಆಗ ಮೂರನೇ ತರಗತಿಯ ಟೀಚರ್ ಎದ್ದು ನಿಂತರು. ಅವರಿಗೆ ಮೊದಲಿಂದ ಉಬ್ಬಸ. ಚೀಲದಲ್ಲಿ ಇನ್ಹೇಲರ್ ಇಲ್ಲದೆ ಮೆಟ್ಟಿಲು ಹತ್ತಿದವರಲ್ಲ.

"ಮಕ್ಕಳಿಗೆ ಅಂಥದ್ದೇನೂ ಆಗಲ್ಲ ಅಂತೀರಿ ಸಾರ್. ಆ ಹುಡುಗಿ ನನ್ನ ಕ್ಲಾಸಲ್ಲೇ ಇದಾಳೆ, ನನಗೂ ಕರುಳು ಚುರ್ ಅನ್ನುತ್ತೆ. ಆದ್ರೆ ಮೂವತ್ತು ಮಕ್ಕಳ ಜೊತೆ ಆ ಕೋಣೇಲಿ ಕೂರೋದು ನಾನಲ್ವಾ?"

"ಅಷ್ಟು ಭಯ ಇದ್ದೋರು ರಜೆ ಹಾಕಿ ಹೊದ್ಕೊಂಡು ಮಲಗಲಿ" ಎಂದುಬಿಟ್ಟೆ. ನಾಲ್ಕು ಜನ ನಕ್ಕರು. ಅವರು ಕೂತರು. ಥೂ ನನ್ನ ನಾಲಿಗೆಯೇ! ಅವರ ಹತ್ತಿರ ರಜೆ ಉಳಿದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಕೈ ಎತ್ತಿಸಿದರು. ತೆರೆದಿಡಬೇಕು ಎಂದು ಹದಿನಾರು ಕೈ, ಬೇಡ ಎಂದು ಐದು.

ಮಾರನೆಯ ದಿನದಿಂದ ಜ್ವರ ನೋಡುವ ಗನ್ ಗಂಟೆಯಮ್ಮನ ಕೈಗೆ ಬಂತು. ಅದು ಹಣೆಗೆ ಗುರಿಯಿಟ್ಟರೆ ಸಾಕು, ಅಂಕಿ ತೋರಿಸುತ್ತದೆ. ತೊಂದರೆ ಏನೆಂದರೆ ಬಿಸಿಲಿನಲ್ಲಿ ನಡೆದು ಬಂದ ಮಗುವಿನ ಹಣೆಯೂ ಕಾದಿರುತ್ತದೆ. ಮೊದಲ ದಿನ ಹನ್ನೊಂದು ಮಕ್ಕಳಿಗೆ ಜ್ವರ ಬಂತು, ಒಂದಕ್ಕೂ ನಿಜವಾದ ಜ್ವರವಿಲ್ಲ. ನಾನು ಬುದ್ಧಿವಂತ ನೋಡಿ, ಉಪಾಯ ಹುಡುಕಿದೆ. ಬಿಸಿ ತೋರಿಸಿದ ಮಗುವಿಗೆ ನಲ್ಲಿಯಲ್ಲಿ ಮುಖ ತೊಳೆಸುವುದು, ಮರದ ನೆರಳಿನ ಬೆಂಚಿನಲ್ಲಿ ಐದು ನಿಮಿಷ ಕೂರಿಸುವುದು, ಮತ್ತೆ ನೋಡುವುದು. ಎಲ್ಲ ಅಂಕಿಯನ್ನೂ ಪುಸ್ತಕದಲ್ಲಿ ಬರೆಯಬೇಕು, ಯಾವುದನ್ನೂ ಅಳಿಸಬಾರದು ಎಂದೂ ಹೇಳಿಕೊಟ್ಟೆ. ಗಂಟೆಯಮ್ಮ ಗುಂಡು ಗುಂಡಾದ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಮೊದಲ ದಿನದ ಹನ್ನೊಂದು ಜ್ವರ, ಮುಂದೆ ವಾರವೆಲ್ಲ ಸೇರಿ ಒಂದಕ್ಕಿಳಿಯಿತು. ಮುಖ್ಯೋಪಾಧ್ಯಾಯಿನಿ ಎಲ್ಲರೆದುರು ನನ್ನ ತಲೆಯನ್ನು ಹೊಗಳಿದರು. ನಾನೂ ಉಬ್ಬಿದೆ.

ತಣ್ಣೀರು ಬಿಸಿಲಿನ ಕಾವನ್ನಷ್ಟೇ ಅಲ್ಲ, ನಿಜವಾದ ಜ್ವರದ ಅಂಕಿಯನ್ನೂ ತೊಳೆದುಬಿಡುತ್ತದೆ ಎಂಬ ಸಣ್ಣ ವಿಷಯ, ಇಪ್ಪತ್ತೆಂಟು ವರ್ಷ ಲೆಕ್ಕ ಹೇಳಿಕೊಟ್ಟವನಿಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ನನಗೇ ಬೇಡವಾಗಿತ್ತೋ.

ಮೂರನೆಯ ವಾರ. ಗುರುವಾರದ ಹೊತ್ತಿಗೆ ಎರಡು ಜ್ವರ ಸಿಕ್ಕಿ ಎರಡು ಮಕ್ಕಳು ಮನೆಗೆ ಹೋಗಿದ್ದವು. ಇನ್ನೊಂದು ಸಿಕ್ಕರೆ ಬೀಗ. ಶುಕ್ರವಾರ ಬೆಳಿಗ್ಗೆ ಗೇಟಿನ ಸಾಲಿನಲ್ಲಿ ರೇಡಿಯೋ ಬಂದು ನಿಂತಳು. ಮೋಡ ಕವಿದ ದಿನ ಅದು. ಬಿಸಿಲೇ ಇರಲಿಲ್ಲ, ಅದು ಮರೆಯುವ ವಿಷಯವೇ ಅಲ್ಲ. ಗನ್ ನೂರು ಪಾಯಿಂಟ್ ನಾಲ್ಕು ತೋರಿಸಿತು.

ಗಂಟೆಯಮ್ಮನ ಮುಖ ಬಿಳಿಚಿತು. ಹುಡುಗಿಯನ್ನು ನಲ್ಲಿಗೆ ಕರೆದೊಯ್ದು ಮುಖ ತೊಳೆದರು, ಬೆಂಚಿನಲ್ಲಿ ಕೂರಿಸಿದರು. ಮತ್ತೆ ನೋಡಿದರು. ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು. ಜ್ವರ ಎನ್ನಲು ನಾವು ಹಾಕಿಕೊಂಡ ಗೆರೆ ತೊಂಬತ್ತೊಂಬತ್ತೂವರೆ. ಅಷ್ಟರಲ್ಲಿ ನಾನು ಅಲ್ಲಿಗೆ ಬಂದೆ.

"ಮೇಷ್ಟ್ರೇ, ಇವಳನ್ನ ವಾಪಸ್ ಕಳಿಸೋಣ ಅಂದ್ರೆ ಅವರಮ್ಮ ಬೀಗ ಹಾಕ್ಕೊಂಡು ಹೋಗಿಬಿಟ್ಟಿದಾಳೆ. ಒಳಗೂ ಹೋಗೋಕಾಗಲ್ಲ ಮಗು. ಶಾಲೆ ಮುಚ್ಚಿದ್ರೆ ನಾಳೆಯಿಂದ ಮತ್ತೆ ಬೀಗದ ಒಳಗೇ ಇರ್ಬೇಕು. ಏನ್ ಮಾಡ್ಲಿ?"

ಹುಡುಗಿ ನಮ್ಮಿಬ್ಬರ ಮುಖ ನೋಡುತ್ತಿದ್ದಳು. "ನನಗೇನೂ ಆಗಿಲ್ಲ ಸಾರ್, ಓಡ್ಕೊಂಡ್ ಬಂದೆ ಅದಕ್ಕೆ" ಎಂದಳು. ಓಡಿ ಬಂದಿರಲಿಲ್ಲ. ಅವಳು ಬೀದಿಯ ತಿರುವಿನಿಂದ ನಿಧಾನವಾಗಿ ಕಾಲೆಳೆದುಕೊಂಡು ಬಂದದ್ದನ್ನು ನಾನೇ ಸ್ಟಾಫ್ ರೂಮಿನ ಕಿಟಕಿಯಿಂದ ಕಂಡಿದ್ದೆ.

"ಇನ್ನೊಂದು ಸಲ ತೊಳೀರಿ" ಎಂದೆ.

ತೊಳೆದರು. ಒದ್ದೆ ಬಟ್ಟೆಯನ್ನು ಹಣೆಯ ಮೇಲೆ ಇಟ್ಟರು, ಹಿಂದೆ ಕುತ್ತಿಗೆಗೂ ಇಟ್ಟರು. ತೊಂಬತ್ತೆಂಟು ಪಾಯಿಂಟ್ ಒಂಬತ್ತು. ಗಂಟೆಯಮ್ಮ ಮೂರು ಅಂಕಿಯನ್ನೂ ಒಂದರ ಕೆಳಗೊಂದು ಬರೆದರು. ಹುಡುಗಿ ಮೂರನೇ ತರಗತಿಯ ಬಾಗಿಲು ದಾಟಿ ಒಳಗೆ ಹೋದಳು. ಸಂಜೆಯವರೆಗೂ ಶಾಲೆ ನಡೆಯಿತು.

ರೇಡಿಯೋಗೆ ನಾಲ್ಕೇ ದಿನದಲ್ಲಿ ವಾಸಿಯಾಯಿತು. ಆ ತರಗತಿಯ ಆರು ಮಕ್ಕಳು ಮಲಗಿದವು, ಎದ್ದವು. ಟೀಚರ್ ಏಳಲಿಲ್ಲ. ಹದಿಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ನಲವತ್ತಾರು ವರ್ಷ. ಅವರಿಗೆ ಬೇರೆ ಎಲ್ಲಿಂದಲೋ ಬಂದಿರಬಹುದು ಎಂದು ಮುಖ್ಯೋಪಾಧ್ಯಾಯಿನಿ ಹೇಳಿದರು. ಇರಬಹುದು. ಆ ಮಾತನ್ನು ನಾನು ಎಷ್ಟು ದಿನ ಗಟ್ಟಿಯಾಗಿ ಹಿಡಿದುಕೊಂಡಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಶಾಲೆ ಮುಚ್ಚಿತು. ಹತ್ತು ದಿನ ಬಿಟ್ಟು ವಿಚಾರಣೆಗೆ ಅಧಿಕಾರಿ ಬಂದರು. ಪುಸ್ತಕ ತೆಗೆದರು. ಬೇರೆ ಯಾರಾದರೂ ಆಗಿದ್ದರೆ ಕೊನೆಯ ಅಂಕಿ ಮಾತ್ರ ಬರೆದು ಬಚಾವಾಗುತ್ತಿದ್ದರು. ಗಂಟೆಯಮ್ಮ ನಾನು ಹೇಳಿಕೊಟ್ಟ ಹಾಗೆ ಬರೆದಿದ್ದರು. ಮೂರು ಅಂಕಿಯೂ ಗುಂಡಗೆ, ಸ್ಪಷ್ಟವಾಗಿ ಅಲ್ಲೇ ಇದ್ದವು. ಕೋಣೆಯಲ್ಲಿ ಅಧಿಕಾರಿ, ಮುಖ್ಯೋಪಾಧ್ಯಾಯಿನಿ, ಗೋಡೆಗೆ ಒರಗಿ ನಾನು, ಮೇಜಿನ ಮುಂದೆ ಗಂಟೆಯಮ್ಮ.

"ಎರಡನೇ ಸಲವೂ ಜ್ವರ ಇತ್ತು. ಮತ್ತೆ ತೊಳೆಯೋಕೆ ಯಾರು ಹೇಳಿದ್ದು?"

"ನಾನೇ ತೊಳೆದೆ ಸಾರ್."

"ತೊಳೆದದ್ದು ನೀವೇ ಅಂತ ಗೊತ್ತು. ಹೇಳಿದ್ದು ಯಾರು ಅಂತ ಕೇಳ್ತಿದೀನಿ."

"ಯಾರೂ ಇಲ್ಲ ಸಾರ್."

ಸಭೆಯಲ್ಲಿ ಹಂಚು ಹಾರಿಹೋಗುವಂತೆ ಕೂಗಿದ ಬಾಯಿ ಆಗ ಎಲ್ಲಿ ಹೋಗಿತ್ತೋ. ನನ್ನ ಬೂಟು ನೋಡುತ್ತಾ ನಿಂತೆ. ಎಡಗಾಲಿನ ದಾರ ಸಡಿಲವಾಗಿತ್ತು, ಅದನ್ನು ಬಗ್ಗಿ ಕಟ್ಟಲೇ ಬೇಡವೇ ಎಂದು ಯೋಚಿಸುತ್ತಿದ್ದೆ. ಅಧಿಕಾರಿ ಏನೋ ಬರೆದುಕೊಂಡರು. ನಿವೃತ್ತಿಗೆ ನಾಲ್ಕು ವರ್ಷವಿರುವಾಗ ಗಂಟೆಯಮ್ಮನನ್ನು ಕೆಲಸದಿಂದ ತೆಗೆದರು. ಬೀಗದ ಕೈಗಳನ್ನು ಎಣಿಸಿ ಮೇಜಿನ ಮೇಲಿಟ್ಟು ಹೋದರು.

ಶಾಲೆ ಆ ಸಲ ಐದು ತಿಂಗಳು ಮುಚ್ಚಿತ್ತು. ನಾನು ಮತ್ತೆ ಮನೆಯಲ್ಲಿ. ಮೂರನೆಯ ವಾರವೋ ನಾಲ್ಕನೆಯದೋ, ಔಷಧಿ ತರಲು ಹೋದವನು ಧೈರ್ಯ ಮಾಡಿ ರೇಡಿಯೋಳ ಬೀದಿಗೆ ತಿರುಗಿದೆ. ಹುಡುಗಿ ಸರಳು ಹಿಡಿದು ನಿಂತಿರುತ್ತಾಳೆ, ಅದನ್ನು ಹೇಗೆ ನೋಡುವುದು ಎಂದುಕೊಳ್ಳುತ್ತಲೇ ನಡೆದೆ. ಹೋಗಿ ನೋಡಿದರೆ ಬಾಗಿಲು ತೆರೆದಿದೆ. ಹೊಸ್ತಿಲ ಒಳಗೆ ಹುಡುಗಿ, ಹೊರಗೆ ಮೆಟ್ಟಿಲ ಮೇಲೆ ಮೂಗು ಬಾಯಿ ಮುಚ್ಚಿಕೊಂಡು ಗಂಟೆಯಮ್ಮ. ಹುಡುಗಿ ಪುಸ್ತಕ ಹಿಡಿದು ಏನೋ ಓದುತ್ತಿದ್ದಳು, ನಿಲ್ಲಿಸದೆ ಓದುತ್ತಿದ್ದಳು.

"ಬನ್ನಿ ಮೇಷ್ಟ್ರೇ. ಈಗ ನನಗೆ ಬೇರೆ ಕೆಲಸ ಇಲ್ವಲ್ಲ, ಬೀಗ ಹಾಕ್ಬೇಡ, ನಾನು ಬಂದು ಕೂರ್ತೀನಿ ಅಂತ ಅವರಮ್ಮನಿಗೆ ಹೇಳ್ದೆ. ದಿನಾ ಬರ್ತೀನಿ. ಅಬ್ಬಾ, ಇವಳ ಬಾಯಿ! ನನ್ನ ತಲೆ ಚಿಟ್ಟು ಹಿಡಿದುಹೋಯ್ತು."

ನಾನು ಬೀದಿಯಲ್ಲೇ ನಿಂತುಬಿಟ್ಟೆ. ಇಷ್ಟೇ ಆಗಿತ್ತೇ? ಒಬ್ಬರು ಬಂದು ಮೆಟ್ಟಿಲ ಮೇಲೆ ಕೂತರೆ ಸಾಕಾಗಿತ್ತೇ? ಮೊದಲ ಸಲ ಶಾಲೆ ಮುಚ್ಚಿದ್ದ ಆ ಎಂಟು ತಿಂಗಳು ಗಂಟೆಯಮ್ಮನಿಗೆ ಡ್ಯೂಟಿ ಇತ್ತು. ನನಗಿರಲಿಲ್ಲ. ನನ್ನ ಮನೆಯಿಂದ ಆ ಮೆಟ್ಟಿಲಿಗೆ ಹತ್ತು ನಿಮಿಷದ ದಾರಿ. ಸಭೆಯಲ್ಲಿ ಅವಳ ಕಥೆ ಹೇಳಿ ಹದಿನಾರು ಕೈ ಎತ್ತಿಸಿದವನಿಗೆ, ಅವಳ ಬಾಗಿಲಿಗೆ ಒಂದು ಸಲ ಬರಬೇಕು ಎನ್ನಿಸಿರಲಿಲ್ಲ. ಶಾಲೆ ತೆರೆದಿರಬೇಕಿತ್ತೋ ಮುಚ್ಚಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಇದು ಮಾತ್ರ ಗೊತ್ತು.

"ಅಮ್ಮಾ, ನಾಳೆ ಆಫೀಸಿಗೆ ಹೋಗಿ ಹೇಳ್ತೀನಿ. ತೊಳೀರಿ ಅಂದಿದ್ದು ನಾನು ಅಂತ. ಬರೆದೇ ಕೊಡ್ತೀನಿ" ಎಂದೆ.

ಗಂಟೆಯಮ್ಮ ಹುಡುಗಿಗೆ ಓದುವುದು ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಈಗ ಬೇಡ ಬಿಡಿ. ಟೀಚರಮ್ಮ ಎದ್ದು ಬರಲ್ಲ. ನೀವು ಹೇಳಿದ್ರಿ ಅಂತಷ್ಟೇ ನಾನು ತೊಳೆದದ್ದಲ್ಲ, ನನಗೂ ಅದೇ ಬೇಕಿತ್ತು. ಆ ಪಾಪ ನನ್ನದೂ ಹೌದು, ಅದನ್ನ ನಾನು ಯಾರ ತಲೆಗೂ ಕಟ್ಟಲ್ಲ. ಆದ್ರೆ ಅವತ್ತು ಆ ಸಾಹೇಬ್ರು ಯಾರು ಹೇಳಿದ್ದು ಅಂತ ಎರಡನೇ ಸಲ ಕೇಳಿದ್ರು ನೋಡಿ, ಆಗ ಒಂದೇ ಒಂದು ಸಲ ತಿರುಗಿ ನಿಮ್ಮನ್ನ ನೋಡೋಣ ಅನ್ನಿಸ್ತು. ನೋಡಲಿಲ್ಲ."

"ಯಾಕಮ್ಮಾ?"

"ನೀವು ತಲೆ ತಗ್ಗಿಸಿರ್ತೀರಿ ಅಂತ ಗೊತ್ತಿತ್ತು ಮೇಷ್ಟ್ರೇ. ಅದನ್ನ ನೋಡೋಕೆ ಆಗ್ತಿರಲಿಲ್ಲ ನನಗೆ."

ಮಾರನೆಯ ದಿನ ನಾನು ಆಫೀಸಿಗೆ ಹೋಗಲಿಲ್ಲ. ಅವರೇ ಬೇಡ ಎಂದರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಮಾರನೆಯ ದಿನವೂ ಹೋಗಲಿಲ್ಲ.