ವೈಶಾಲಿ ಕೊಟ್ಟ ಉಪಮೆ

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದಿದ್ದ ಸಮಯ. ನಾನು ಬಿ.ಎಡ್. ಕೊನೆಯ ವರ್ಷದಲ್ಲಿದ್ದೆ. ಮಹಾಂತೇಶ ನಗರದ ಮನೆಯಲ್ಲಿ ಪುಟ್ಟ ಮಗಳನ್ನು ಅತ್ತೆಯ ಕೈಗೊಪ್ಪಿಸಿ, ಪಾಠ ಮಾಡುವ ಅಭ್ಯಾಸಕ್ಕೆಂದು ದಿನಾ ಬಸ್ಸು ಹತ್ತಿ ಖಾನಾಪುರದ ಕನ್ನಡ ಶಾಲೆಯೊಂದಕ್ಕೆ ಹೋಗುತ್ತಿದ್ದೆ. ಪರೀಕ್ಷಕರ ಮುಂದೆ ಮಾಡಿ ತೋರಿಸುವ ಪರೀಕ್ಷೆಯ ಪಾಠದಲ್ಲಿ ಫೇಲಾದರೆ ಇನ್ನೊಂದು ವರ್ಷ ಓದಬೇಕು. ಮತ್ತೆ ಮಗಳನ್ನು ನೋಡಿಕೊಳ್ಳಿ ಎಂದು ಮಂಡಿನೋವಿನ ಅತ್ತೆಯನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ?

ಒಂಬತ್ತನೇ ತರಗತಿಗೆ ಉಪಮಾಲಂಕಾರ ಆರಿಸಿಕೊಂಡೆ. ಪರೀಕ್ಷೆಯ ಹಿಂದಿನ ದಿನ ಮಕ್ಕಳಿಗೆ ಪ್ರಶ್ನೆ, ಉತ್ತರ ಎಲ್ಲ ಗಿಳಿಪಾಠ ಮಾಡಿಸಿಬಿಡುವುದು ನಮ್ಮ ಬಿ.ಎಡ್.ನವರ ಹಳೇ ಪದ್ಧತಿ. ನಾನೂ ಮಾಡಿಸಿದೆ. ಸ್ವಲ್ಪ ಜಾಸ್ತಿಯೇ ಮಾಡಿಸಿಬಿಟ್ಟೆ!

ಮರುದಿನ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು "ಮಕ್ಕಳೇ, ಚೆಂದದ ಮುಖವನ್ನು..." ಎನ್ನುವಷ್ಟರಲ್ಲೇ ಇಡೀ ತರಗತಿ "ಚಂದ್ರನಿಗೆ ಹೋಲಿಸುತ್ತೇವೆ ಟೀಚರ್!" ಎಂದು ಕೂಗಿತು.

ಪರೀಕ್ಷಕರು ಎದ್ದು ನಿಂತರು. "ಬಾಯಿಪಾಠ ಸಾಕ್ರಿ. ಚಂದ್ರನ್ನ ಬಿಡ್ರಿ. ಬ್ಯಾರೆ ಉದಾಹರಣಿ ಈ ಮಕ್ಕಳ ಬಾಯಿಂದನ ತೆಗೀರಿ, ನೋಡೂಣು."

ಕೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯೋ ದೇವರೇ, ಮುಗೀತು ನನ್ನ ಕಥೆ ಎಂದುಕೊಂಡೆ. ಕಣ್ಣಲ್ಲಿ ನೀರು ತುಂಬಿ ಕರಿಹಲಗೆಯೇ ಕಾಣದಾಯಿತು.

ಆಗ ಕಿಟಕಿ ಪಕ್ಕದ ವೈಶಾಲಿ ಎದ್ದಳು. ಮನೆಯಲ್ಲಿ ಮರಾಠಿ ಆಡುವ ಹುಡುಗಿ. ತನ್ನ ಕನ್ನಡಕ್ಕೆ ಎಲ್ಲರೂ ನಗುತ್ತಾರೆಂದು ಅಲ್ಲಿಯವರೆಗೂ ತರಗತಿಯಲ್ಲಿ ಬಾಯಿಯೇ ಬಿಟ್ಟವಳಲ್ಲ.

"ಸರ್, ಟೀಚರ್ ಮಾರಿ ಅಕ್ಕಿ ಹಿಟ್ಟಿನಂಗ ಬೆಳ್ಳಗ ಆಗೈತ್ರಿ."

ತರಗತಿ ಗೊಳ್ಳೆಂದಿತು. ಪರೀಕ್ಷಕರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲಿ ನನಗೂ ಧೈರ್ಯ ಬಂತು. ಯಾವುದನ್ನು ಹೋಲಿಸಿದಳು? "ನಿಮ್ಮ ಮಾರಿನ್ರಿ!" ಯಾವುದಕ್ಕೆ? "ಅಕ್ಕಿ ಹಿಟ್ಟಿಗ್ರಿ!" ಎರಡರಲ್ಲೂ ಇರುವುದೇನು? "ಬಿಳುಪು!" ಮುಖ ಉಪಮೇಯ, ಹಿಟ್ಟು ಉಪಮಾನ, ಬಿಳುಪು ಸಮಾನಧರ್ಮ, ಎಲ್ಲ ಹಲಗೆ ಹತ್ತಿದವು. ಆಮೇಲೆ ಮಕ್ಕಳನ್ನು ಹಿಡಿಯುವವರೇ ಇಲ್ಲ. ಹೆಡ್ ಮಾಸ್ತರರ ದನಿ ಬಸ್ಸಿನ ಹಾರ್ನಿನ ಹಾಗೆ ಎಂದನೊಬ್ಬ! ನಾನು ಪಾಸಾದೆ.

ಪಾಠ ಮುಗಿದ ಮೇಲೆ ವೈಶಾಲಿಯನ್ನು ಕರೆದು, "ಯಾಕವಾ, ನನ್ನ ಮಾರಿನ ಸಿಕ್ತೇನ ನಿನಗ?" ಎಂದೆ.

ಅವಳು ತಲೆ ತಗ್ಗಿಸಿದಳು. "ನಿಮಗ ಅಳು ಬಂದಿತ್ರಿ ಟೀಚರ್. ನಾ ಕನ್ನಡ ಮಾತಾಡಿದ್ರ ಎಲ್ಲಾರೂ ನಗತಾರಲ್ರಿ, ಅದಕ್ಕ ಮಾತಾಡಿದೆ."

ಅಲ್ಲಿಯವರೆಗೆ ತಡೆದಿದ್ದ ಅಳು ಬಂದೇಬಿಟ್ಟಿತು. ಅವಳನ್ನು ತಬ್ಬಿಕೊಂಡೆ.

ಈಗ ನಾನೂ ಟೀಚರ್. ಬಾಯಿ ಬಿಡದೆ ಕುಳಿತ ಮಗು ಕಂಡರೆ ಪಕ್ಕದಲ್ಲಿ ಹೋಗಿ ಕೂರುತ್ತೇನೆ. ವೈಶಾಲಿಯ ಋಣವನ್ನು ಬೇರೆ ಹೇಗೆ ತೀರಿಸಬೇಕೋ ನನಗೆ ಗೊತ್ತಿಲ್ಲ.