ಐದನೆಯ ರಾಣಿಯ ಮದುವೆಯ ಫೈಲು

ನಮ್ಮ ಮನೆಯಲ್ಲಿ ಒಂದು ರಾಜ್ಯ ಇದೆ. ಇನ್ನೂ ಹುಟ್ಟಿಲ್ಲ, ಮುನ್ನೂರು ವರ್ಷ ಬಿಟ್ಟು ಹುಟ್ಟಲಿದೆ. ಆದರೆ ಅದರ ಚರಿತ್ರೆ ಈಗಾಗಲೇ ಹನ್ನೊಂದು ಫೈಲುಗಳಷ್ಟಾಗಿ, ಕುಷಾಯಿಗೂಡದ ನಮ್ಮ ಮನೆಯ ಕಪಾಟಿನಲ್ಲಿ, ಅವ್ವನ ರೇಷ್ಮೆ ಸೀರೆಗಳ ಕೆಳಗಿನ ಖಾನೆಯಲ್ಲಿ ಭದ್ರವಾಗಿದೆ. ಸೀರೆಗಳಿಗಿಂತ ಹೆಚ್ಚು ನುಸಿಗುಳಿಗೆ ಅದಕ್ಕೇ ಸುರಿದಿದ್ದಾರೆ ಅನ್ನುವುದು ಅವ್ವನ ತಕರಾರು.

ಶುರುವಾದದ್ದು ನನ್ನಿಂದ. ಆರನೆಯ ತರಗತಿಯಲ್ಲಿ ನಾನು ಚರಿತ್ರೆಯಲ್ಲಿ ನಪಾಸಾದೆ. ಅಪ್ಪ ಬೈಯಲಿಲ್ಲ. ಅವನು ಆಗ ಸರಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟು. ಅಜ್ಜನೂ ರಾಯಚೂರಿನ ಕಡೆಯಿಂದ ಈ ತೆಲುಗು ಸೀಮೆಗೆ ಬಂದು ಗುಮಾಸ್ತನಾಗಿದ್ದವನೇ. ಕಷ್ಟ ಬಂದರೆ ಬೇರೆಯವರು ದೇವರಿಗೆ ಹರಕೆ ಹೊತ್ತಾರು, ನಮ್ಮ ಮನೆತನದವರು ಫೈಲು ತೆರೆಯುತ್ತಾರೆ. "ಆಗಿ ಹೋದ ರಾಜರು ನೆನಪಿನ್ಯಾಗ ಉಳಿಯಂಗಿಲ್ಲಂದ್ರ ಮುಂದ ಬರೋ ರಾಜರದು ಬರಿ. ತಪ್ಪು ಅನ್ನಾಕ ಯಾರೂ ಬರಂಗಿಲ್ಲ," ಅಂದ. ಅಂದಿನಿಂದ ಪ್ರತಿ ಭಾನುವಾರ ತಿಂಡಿಯಾದ ಮೇಲೆ ನಾವಿಬ್ಬರೂ ರಾಜ್ಯಭಾರಕ್ಕೆ ಕೂರುತ್ತಿದ್ದೆವು. ಅವ್ವ ವಿರೋಧ ಪಕ್ಷ. "ರಾಜ್ಯ ಆಮ್ಯಾಲ ಆಳೀರಂತ, ಮೊದಲ ಬಳ್ಳೊಳ್ಳಿ ಸುಲೀರಿ," ಎಂದು ಬುಟ್ಟಿ ತಂದು ಮುಂದಿಡುತ್ತಿದ್ದಳು. ನಮ್ಮ ದೊಡ್ಡ ದೊಡ್ಡ ಶಾಸನಗಳೆಲ್ಲ ಬೆಳ್ಳುಳ್ಳಿ ವಾಸನೆ ಹೊಡೆಯುವುದು ಅದಕ್ಕೇ.

ರಾಜಧಾನಿ ಮೊದಲು ಕುಷಾಯಿಗೂಡವೇ ಆಗಿತ್ತು. ಹತ್ತಿರದ ಉಪ್ಪಲ್‌ಗೆ ಮೆಟ್ರೋ ಬಂದ ವಾರವೇ ಅಪ್ಪ ಅದನ್ನು ಅಲ್ಲಿಗೆ ಎತ್ತಿ ಹಾಕಿದ. ಮುನ್ನೂರು ವರ್ಷದ ಮೇಲೆ ಹುಟ್ಟುವ ರಾಜ್ಯಕ್ಕೆ ಇಷ್ಟೇಕೆ ಅವಸರ ಎಂದು ಕೇಳಿದರೆ, "ಆಮ್ಯಾಲ ಜಾಗ ಸಿಗಂಗಿಲ್ಲ" ಅಂದ. ನಮ್ಮ ರಾಜನಿಗೆ ರಥವಿಲ್ಲ, ಕಾರಿಲ್ಲ. ಮೆಟ್ರೋದಲ್ಲೇ ಓಡಾಡಬೇಕು, ಸೀಟು ಸಿಗದಿದ್ದರೆ ನಿಂತುಕೊಂಡು. ಪಟ್ಟಾಭಿಷೇಕ ಕ್ರಿಕೆಟ್ ಸ್ಟೇಡಿಯಮ್ಮಿನಲ್ಲಿ, ಆವತ್ತು ಮ್ಯಾಚು ಇರದಿದ್ದರೆ ಮಾತ್ರ. ಕ್ಷಮಾಪಣೆ ಇಲಾಖೆ ಅಂತ ಒಂದಿದೆ. ದೊರೆ ತಪ್ಪು ಮಾಡಿದರೆ ಬೀದಿಯಲ್ಲಿ ತೆಲುಗಿನಲ್ಲಿ, ಆಟೋದವನ ಮುಂದೆ ಹಿಂದಿಯಲ್ಲಿ, ಮನೆಗೆ ಬಂದು ಕನ್ನಡದಲ್ಲಿ ತಪ್ಪಾಯಿತು ಅನ್ನಬೇಕು. ಮೂರರಲ್ಲಿ ಒಂದು ಬಿಟ್ಟರೂ ಲೆಕ್ಕಕ್ಕಿಲ್ಲ.

ತಿಂಗಳಿಗೊಮ್ಮೆ ದೊರೆ ವೇಷ ಮರೆಸಿಕೊಂಡು ಯಾವುದಾದರೂ ಸರಕಾರಿ ಕಚೇರಿಯ ಸಾಲಿನಲ್ಲಿ ಅರ್ಜಿ ಹಿಡಿದು ನಿಲ್ಲಬೇಕು ಅನ್ನುವುದು ನಾನು ಏಳನೆಯ ತರಗತಿಯಲ್ಲಿ ತಂದ ಕಾನೂನು. ಪಾಪ, ಮೂರನೆಯ ದೊರೆ ಒಂದು ಜೆರಾಕ್ಸ್ ಪ್ರತಿ ಕಮ್ಮಿ ಬಿದ್ದು ಹನ್ನೊಂದು ತಿಂಗಳು ಅಲ್ಲೇ ಸಿಕ್ಕಿಬಿದ್ದ. ಅಷ್ಟು ದಿನ ರಾಜ್ಯವನ್ನು ಹೆಡ್‌ಕ್ಲಾರ್ಕು ಆಳಿದ. ಚರಿತ್ರೆಯಲ್ಲಿ ಆ ಹನ್ನೊಂದು ತಿಂಗಳಿಗೆ ಸುವರ್ಣಯುಗ ಎಂದು ಹೆಸರು. ಇದನ್ನು ಬರೆದ ದಿನ ಅಪ್ಪ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿದ.

ದೊರೆಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. "ಹೆಸರು ಇಟ್ಟಿ ಅಂದ್ರ ಜಾತಿ ಬರತೈತಿ," ಅನ್ನುತ್ತಿದ್ದ ಅಪ್ಪ. ಇನ್ನೊಂದು ನಿಯಮ, ರಾಜ್ಯದಲ್ಲಿ ಬಾಯಿಮಾತಿಗೆ ಕಾಸಿನ ಕಿಮ್ಮತ್ತಿಲ್ಲ. ಎಲ್ಲವೂ ಟಿಪ್ಪಣಿ ಹಾಳೆಯ ಮೇಲೆ ಬರಬೇಕು, ಅಪ್ಪ ಸಹಿ ಹಾಕಬೇಕು, ಅದೂ ಹಸಿರು ಶಾಯಿಯಲ್ಲಿ. ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳದು. ಆ ಮೆಟ್ಟಿಲು ಏರದೆಯೇ ಅವನು ನಿವೃತ್ತನಾದ.

ಹೀಗೆ ಚರಿತ್ರೆ ಐದನೆಯ ಪೀಳಿಗೆಗೆ, ಅಂದರೆ ರಾಣಿಯೊಬ್ಬಳ ಆಳ್ವಿಕೆಗೆ ಬರುವಷ್ಟರಲ್ಲಿ ನಾನು ಊರಿನ ಆ ತುದಿಯ ಕೊಂಡಾಪುರದಲ್ಲಿ ನೌಕರಿ ಹಿಡಿದು, ಅಲ್ಲೇ ನನ್ನ ಪಕ್ಕದ ಟೇಬಲ್ಲಿನ ತೆಲುಗು ಹುಡುಗನನ್ನು ಮೆಚ್ಚಿಕೊಂಡು ಕೂತಿದ್ದೆ. ಹೋದ ವರ್ಷದ ಮಾತು. ಅವನು ತನ್ನ ಮನೆಯಲ್ಲಿ ಹೇಳಿಬಿಟ್ಟ. ಅವನ ತಾಯಿ ಮುಂದಿನ ಭಾನುವಾರ ನಮ್ಮ ಮನೆಗೆ ಬರುತ್ತೇನೆಂದು ನಿಂತರು. ಅಷ್ಟರೊಳಗೆ ನಾನು ಅಪ್ಪನಿಗೆ ಹೇಳಬೇಕಿತ್ತು. ಅಪ್ಪನೋ ಕಲಬುರಗಿಯ ಒಬ್ಬ ಹುಡುಗನ ಜಾತಕ ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದ. ಮೀಟಿಂಗಿನಲ್ಲಿ ಇಪ್ಪತ್ತು ಜನರ ಮುಂದೆ ಪಟಪಟ ಮಾತಾಡುವವಳು ಮೂರು ದಿನ ಬಾಯಿ ತೆರೆದೆ. ಮೂರು ದಿನವೂ ಹೊರಬಂದದ್ದು "ಅಪ್ಪಾ, ಶೇಂಗಾ ಚಟ್ನಿ ಕೊಡು."

ಆಗ ಹೊಳೆಯಿತು. ಹೊಳೆದದ್ದೇ ತಡ, ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರಕ್ಕೆ ಕಾಯದೆ ಶನಿವಾರ ಬೆಳಿಗ್ಗೆಯೇ ಫೈಲು ಮಂಡಿಸಿದೆ. ವಿಷಯ: ಐದನೆಯ ರಾಣಿಯವರ ವಿವಾಹ. ವರ ನೆರೆರಾಜ್ಯದವನು, ಭಾಷೆ ಬೇರೆ. ಅವರ ಮನೆಯಲ್ಲಿ ಗೋಂಗೂರ ಪಚ್ಚಡಿ (ಪುಂಡಿ ಸೊಪ್ಪಿನ ಚಟ್ನಿ) ಇಲ್ಲದೆ ಊಟ ಇಳಿಯುವುದಿಲ್ಲ. ರಾಣಿಯವರು ಅವನನ್ನೇ ಆಗುವುದೆಂದು ಹಟ ಹಿಡಿದಿದ್ದಾರೆ. ಆದೇಶಕ್ಕಾಗಿ ಸಲ್ಲಿಸಿದೆ.

ಅಪ್ಪ ಓದಿದ. ಎದ್ದು ಅಂಗಳದ ತನಕ ಹೋಗಿ ಬಂದ. "ಭೇಷ್! ನಾಲ್ಕು ಪೀಳಿಗಿ ತಮ್ಮ ತಮ್ಮೊಳಗ ಕೊಟ್ಟು ತಂದು ಈ ವಂಶ ಗುಂಗಾಡಿಗತೆ ಬಡಕಲಾಗಿತ್ತು. ಈಗ ನೋಡು ಮಜಾ," ಎಂದು ತೊಡೆ ತಟ್ಟಿದ. ಅರ್ಧ ಗಂಟೆ ಬರೆದ. ರಾಣಿಯ ಮನಸ್ಸೇ ಪ್ರಮಾಣ, ಭಾಷೆ ಅಡ್ಡಿಯಲ್ಲ, ಹಿರಿಯರು ಅಕ್ಷತೆ ಹಾಕಲು ಮಾತ್ರ ಬರತಕ್ಕದ್ದು. ಮಂಜೂರು. ಕೆಳಗೆ ಹಸಿರು ಸಹಿ!

ನಾನು ಅಡುಗೆಮನೆಗೆ ಓಡಿ ಅವ್ವನ ಸೊಂಟ ಹಿಡಿದು ಗಿರಗಿರ ತಿರುಗಿಸಿದೆ. ನನ್ನ ಫೋನಿನ ನಗು ಕೇಳಿ ಕೇಳಿ ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತು. ಲಟ್ಟಣಿಗೆ ಹಿಡಿದೇ ತಿರುಗಿದ ಅವ್ವ ನಿಂತ ಮೇಲೆ ಅಂದಳು, "ಹುಚ್ಚಿ, ಅವ್ರು ಸಹಿ ಮಾಡಿದ್ದು ರಾಣಿ ಮದುವಿಗೆ. ನಿನ್ನ ಮದುವಿಗಲ್ಲ."

ಯಾರು ಕೇಳಬೇಕು? ಎರಡನೆಯ ಹಾಳೆ ಸೇರಿಸಿದೆ. ಸದರಿ ಆದೇಶದ ಜಾರಿ ಕುರಿತು. ಹುಡುಗನ ಹೆಸರು, ಮನೆ, ನೌಕರಿ, ಒಂದು ಫೋಟೋ, ಅವನ ತಾಯಿ ಬರುವ ಹೊತ್ತು. ಟ್ಯಾಗಿನ ದಾರ ಪೋಣಿಸುವಾಗ ನಗು ತಡೆಯಲಾರದೆ ದುಪಟ್ಟಾ ಕಚ್ಚಿಕೊಂಡೆ. ಮಧ್ಯಾಹ್ನದ ಚಹಾದ ಜೊತೆ ಫೈಲನ್ನು ಅಪ್ಪನ ಮುಂದಿಟ್ಟೆ.

ಅವನು ಹಾಳೆ ತಿರುವಿದ. ಮತ್ತೆ ಮೊದಲ ಹಾಳೆಗೆ ಹೋಗಿ ತನ್ನ ಸಹಿಯನ್ನು ತಾನೇ ನೋಡಿದ. ಫೋಟೋ ನೋಡಿದ. ಫೈಲು ಮುಚ್ಚಿ ದಾರ ಕಟ್ಟಿದ. ನನಗೋ ನಗು ನಿಲ್ಲುತ್ತಿಲ್ಲ, "ಅಪ್ಪಾ, ಸಹಿ ಆಗೇತಿ. ಇನ್ನ ತಿರುಗಾಕ ಬರಂಗಿಲ್ಲ," ಅಂದೆ.

"ಹೌದು, ಆಗೇತಿ," ಅಂದ. ಚಹಾ ಮುಟ್ಟಲಿಲ್ಲ. "ನೌಕರಿ ಮುಗಿಯೋ ತನಕಾ ಮಂದಿ ನನ್ನ ಸಹಿ ಕೇಳ್ಯಾರ. ನಿನ್ನ ಮನಸ್ಸಿನ್ಯಾಗ ಏನೈತಿ ಅಂತ ಒಬ್ರೂ ಕೇಳಿಲ್ಲ. ನೀನೂ ಸಹೀನ ಕೇಳಿದಿ."

ನನ್ನ ನಗು ಎಲ್ಲಿ ಹೋಯಿತೋ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಅಪ್ಪನನ್ನು ಗೆದ್ದೆ ಅಂದುಕೊಂಡಿದ್ದೆ, ಅವನನ್ನು ನಾನು ಕೇಳಿಯೇ ಇರಲಿಲ್ಲ. ಫೈಲನ್ನು ಅತ್ತ ಸರಿಸಿ ಅವನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತೆ.

"ಅಪ್ಪಾ, ನನಗ ಅವ ಅಂದ್ರ ಭಾಳ ಇಷ್ಟ. ಮದುವಿ ಆಗಲೇನು?"

ಒಳಗೆ ಅವ್ವನ ಲಟ್ಟಣಿಗೆ ನಿಂತಿತು.

"ನಗಸ್ತಾನೇನು ನಿನ್ನ?"

"ಭಾಳ."

"ನಿನಗ ಸಿಟ್ಟು ಬಂದ್ರ?"

"ಚಹಾ ಮಾಡಿ ಕೊಟ್ಟು ದೂರ ಕೂಡ್ತಾನ."

"ಶಾಣ್ಯಾ ಅದಾನ," ಅಂದ ಅಪ್ಪ. ತುಟಿಯ ಒಂದು ಮೂಲೆಯಲ್ಲಿ ನಗು ಇಣುಕಿತು, ಮತ್ತೆ ಹೋಯಿತು. "ಆ ಕಲಬುರಗಿ ಜಾತಕ ಸುಮ್ನ ತರಿಸಿದ್ದು. ನೀ ಒಲ್ಲೆ ಅಂತಿ ಅಂತ ಗೊತ್ತಿತ್ತು. ಯಾರನ್ನ ಮದುವಿ ಆದ್ರೂ ನನಗೇನಿಲ್ಲ. ನೀ ಹೋದಿ ಅಂದ್ರ ಭಾನುವಾರ ನಾ ಏನ ಮಾಡ್ಲಿ? ಅದಽ ಒಂದು ನನಗ ಗೊತ್ತಾಗವಲ್ದು."

ನನಗೆ ಅಳು ನುಗ್ಗಿತು. ಅದರ ಹಿಂದೆಯೇ ನಗುವೂ ನುಗ್ಗಿತು, ಎರಡೂ ಕೂಡಿ ಮೂಗು ಕಟ್ಟಿತು. "ಬರ್ತೀನಪಾ, ಪ್ರತಿ ಭಾನುವಾರ ಬರ್ತೀನಿ," ಅಂದೆ.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, ಆರಿದ ಚಹಾ ಎತ್ತಿಕೊಂಡ.

"ಒಬ್ಬಾಕೀನ ಬರಬ್ಯಾಡ. ಇಬ್ಬರೂ ಬರ್ರಿ."